ಹಿಂದಿನ ತಾರೀಕು ಹಾಕಿದ ಪೊಲೀಸ್ ಕ್ಯಾಪ್ಟನ್

ಹಿಂದಿನ ತಾರೀಕು ಹಾಕಿ ಕಾಗದ ಮಾಡಿಕೊಡುವುದು ಅಂದರೆ ನಮಗೆ ತಟ್ಟನೆ ನೆನಪಾಗುವುದು ಯಾವುದೋ ಕಚೇರಿ, ಯಾವುದೋ ಜಮೀನಿನ ವ್ಯವಹಾರ, ಯಾರದೋ ಕೈ ಬಿಸಿ ಮಾಡಿದ ಕತೆ. ಅದು ತಪ್ಪು ಅಂತ ಯಾರೂ ಹೇಳಿಕೊಡಬೇಕಿಲ್ಲ. ಸ್ವಿಟ್ಜರ್ಲೆಂಡಿನ ಸೇಂಟ್ ಗಾಲೆನ್ ಎಂಬ ಊರಿನಲ್ಲಿ 1938ರಲ್ಲಿ ಒಬ್ಬ ಪೊಲೀಸ್ ಕ್ಯಾಪ್ಟನ್ ಇದೇ ಕೆಲಸ ಮಾಡಿದರು. ಅವರ ಹೆಸರು ಪಾಲ್ ಗ್ರೂನಿಂಗರ್. ಅವರು ಮುಖ್ಯವಾಗಿ ತಿದ್ದಿದ್ದು ಒಂದೇ ವಿವರ: ಈ ಮನುಷ್ಯ ದೇಶದೊಳಗೆ ಕಾಲಿಟ್ಟ ದಿನ ಯಾವುದು ಅನ್ನುವುದು. ಆಗಸ್ಟ್ ಮಧ್ಯಕ್ಕಿಂತ ಮೊದಲೇ ಬಂದವನು ಅಂತ ಬರೆದರೆ ಅವನು ಉಳಿದುಕೊಳ್ಳಬಹುದು. ಆಮೇಲೆ ಬಂದವನು ಅಂತ ಬರೆದರೆ ಗಡಿ ದಾಟಿಸಿ ವಾಪಸ್ ಕಳಿಸಬೇಕು. ಆಚೆ ಕಡೆ ಇದ್ದದ್ದು ಹಿಟ್ಲರನ ರಾಜ್ಯ.

ಯುದ್ಧಕಾಲದ ನಿರಾಶ್ರಿತರನ್ನು ಉಳಿಸಲು ಸಾಮಾನ್ಯ ಜನ ಕಾನೂನು ಮುರಿದರು ಅಂತ ನಾವು ಎಷ್ಟೋ ಕಡೆ ಓದಿರುತ್ತೇವೆ. ಆದರೆ ಯಾವ ಕಾನೂನು? ಅದನ್ನು ಎಲ್ಲಿ, ಹೇಗೆ ಮುರಿದರು? ಇದು ಗೊತ್ತಾಗದಿದ್ದರೆ ಅವರು ಮಾಡಿದ್ದು ಏನು ಅನ್ನುವುದು ಸರಿಯಾಗಿ ಅರ್ಥವಾಗುವುದಿಲ್ಲ ಅಂತ ನನಗೆ ಅನಿಸುತ್ತದೆ. ಸ್ವಿಟ್ಜರ್ಲೆಂಡಿನ ಗಡಿಯ ಕತೆ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿನ ನಿಯಮಗಳೂ ಸ್ಪಷ್ಟವಾಗಿದ್ದವು, ಮುರಿದವರ ಮೇಲೆ ಕೇಸೂ ನಡೆದವು. ಆ ತೀರ್ಪುಗಳನ್ನು ರದ್ದು ಮಾಡಲು ಆ ದೇಶ ಕೊನೆಗೆ ಒಂದು ಹೊಸ ಕಾನೂನನ್ನೇ ತರಬೇಕಾಯಿತು.

ಹೋಗು ಅನ್ನುವವರು ಒಬ್ಬರು, ಬರಬೇಡ ಅನ್ನುವವರು ಇನ್ನೊಬ್ಬರು

1938ರ ಮಾರ್ಚ್‌ನಲ್ಲಿ ಜರ್ಮನಿ ಆಸ್ಟ್ರಿಯಾವನ್ನು ನುಂಗಿಕೊಂಡಿತು. ವಿಯೆನ್ನಾದಲ್ಲಿ ಯಹೂದಿಗಳ ಅಂಗಡಿ, ಮನೆ, ನೌಕರಿ ಎಲ್ಲದರ ಮೇಲೂ ದಾಳಿ ಶುರುವಾಯಿತು. ಇಲ್ಲಿ ಒಂದು ವಿಷಯ ನೆನಪಿಡಬೇಕು. ಆಗಿನ್ನೂ ನಾಜಿಗಳು ಯಹೂದಿಗಳು ದೇಶ ಬಿಟ್ಟು ಹೋಗದಂತೆ ತಡೆಯುತ್ತಿರಲಿಲ್ಲ, ಓಡಿಸುತ್ತಿದ್ದರು. ಆಸ್ತಿಯನ್ನೆಲ್ಲ ಕಿತ್ತುಕೊಂಡು, ಜೇಬಿನಲ್ಲಿ 10 ಮಾರ್ಕ್ ಮಾತ್ರ ಬಿಟ್ಟು ಗಡಿಯ ಕಡೆ ತಳ್ಳುತ್ತಿದ್ದರು. ಯಹೂದಿಗಳು ದೇಶ ಬಿಟ್ಟು ಹೋಗುವಂತಿಲ್ಲ ಎಂಬ ನಿಷೇಧ ಬಂದದ್ದು 1941ರ ಅಕ್ಟೋಬರ್‌ನಲ್ಲಿ. ಅಂದರೆ 1938ರಲ್ಲಿ ಜೀವ ಉಳಿಸಿಕೊಳ್ಳಲು ಅಡ್ಡ ಬಂದ ಕಾನೂನು ಹಿಟ್ಲರನದಲ್ಲ, ಅಕ್ಕಪಕ್ಕದ ದೇಶಗಳದ್ದು.

ಸ್ವಿಟ್ಜರ್ಲೆಂಡ್ ಮೊದಲು ಆಸ್ಟ್ರಿಯಾದ ಪಾಸ್‌ಪೋರ್ಟ್ ಇದ್ದವರಿಗೆಲ್ಲ ವೀಸಾ ಕಡ್ಡಾಯ ಮಾಡಿತು. ಆಸ್ಟ್ರಿಯನ್ನರೆಲ್ಲ ಜರ್ಮನ್ ಪಾಸ್‌ಪೋರ್ಟ್‌ಗೆ ಬದಲಾಗುತ್ತಾ ಹೋದಂತೆ ಆ ನಿಯಮ ಕೆಲಸಕ್ಕೆ ಬಾರದಂತಾಯಿತು, ಯಾಕೆಂದರೆ ಜರ್ಮನ್ ಪಾಸ್‌ಪೋರ್ಟ್‌ಗೆ ವೀಸಾ ಬೇಕಿರಲಿಲ್ಲ. ಎಲ್ಲ ಜರ್ಮನ್ನರಿಗೂ ವೀಸಾ ಹಾಕೋಣ ಅಂದರೆ ವ್ಯಾಪಾರಕ್ಕೆ ಪೆಟ್ಟು, ಪ್ರವಾಸಿಗರು ಕಡಿಮೆಯಾಗುತ್ತಾರೆ. ಬೇಕಾದ ಜರ್ಮನ್ನರು ಸಲೀಸಾಗಿ ಬರಬೇಕು, ಬೇಡದ ಯಹೂದಿಗಳು ಮಾತ್ರ ಗೇಟಿನಲ್ಲೇ ಸಿಕ್ಕಿಬೀಳಬೇಕು. ಇಬ್ಬರ ಪಾಸ್‌ಪೋರ್ಟೂ ಒಂದೇ ಥರ ಇದ್ದರೆ ಗುರುತು ಹಿಡಿಯುವುದು ಹೇಗೆ?

ಆ ಸೆಪ್ಟೆಂಬರ್‌ನಲ್ಲಿ ಎರಡು ಸರ್ಕಾರಗಳೂ ಕೂತು ಮಾತಾಡಿ ಇದಕ್ಕೊಂದು ಉಪಾಯ ಕಂಡುಕೊಂಡವು. ಯಹೂದಿಗಳ ಪಾಸ್‌ಪೋರ್ಟಿನ ಮೇಲೆ ದೊಡ್ಡದಾಗಿ ‘ಜೆ’ ಅಕ್ಷರದ ಮೊಹರು ಬೀಳಬೇಕು. ಅಕ್ಟೋಬರ್‌ನಿಂದ ಅದು ಜಾರಿಗೆ ಬಂತು. ಒಂದು ಮೊಹರು, ಅಷ್ಟೇ. ಅದನ್ನು ಹೊಡೆಯಲು ಎರಡು ಸೆಕೆಂಡೂ ಬೇಕಿಲ್ಲ. ಗಡಿಯ ಕಾವಲುಗಾರ ಮುಖ ನೋಡುವ ಅಗತ್ಯವೂ ಇಲ್ಲ, ಪುಟ ತಿರುಗಿಸಿದರೆ ಸಾಕು.

ಇದಕ್ಕೂ ಮೊದಲೇ, ಆಗಸ್ಟ್ ಮಧ್ಯದಲ್ಲಿ, ಸ್ವಿಸ್ ಸರ್ಕಾರ ವೀಸಾ ಇಲ್ಲದೆ ಬರುವ ನಿರಾಶ್ರಿತರಿಗೆ ಗಡಿ ಮುಚ್ಚಿತ್ತು. ಅದಕ್ಕಿಂತ ಮುಂಚೆ ಒಳಗೆ ಬಂದವರು ತಾತ್ಕಾಲಿಕವಾಗಿ ಇರಬಹುದು, ಇನ್ನು ಮುಂದೆ ಬಂದವರು ವಾಪಸ್. ಎಲ್ಲವೂ ಬಂದ ತಾರೀಕಿನ ಮೇಲೆ ನಿಂತಿದ್ದು ಹೀಗೆ.

ಹಳೆಯ ರೈನ್

ಗಡಿಯಲ್ಲಿ ನದಿ ಇದೆ ಅಂದರೆ ನಾವು ದೊಡ್ಡ ಹೊಳೆಯನ್ನೇ ಕಲ್ಪಿಸಿಕೊಳ್ಳುತ್ತೇವೆ. ಸ್ವಿಟ್ಜರ್ಲೆಂಡ್ ಮತ್ತು ಆಸ್ಟ್ರಿಯಾದ ನಡುವೆ ಹರಿಯುವ ರೈನ್ ನಿಜಕ್ಕೂ ದೊಡ್ಡದೇ. ಆದರೆ ಡೀಪೋಲ್ಡ್ಸೌ ಎಂಬ ಊರಿನ ಹತ್ತಿರ ಒಂದು ವಿಚಿತ್ರ ಇದೆ. ಪ್ರವಾಹದ ಕಾಟ ತಪ್ಪಿಸಲು ಅಲ್ಲಿ ನದಿಗೆ ಹೊಸದಾಗಿ ನೇರ ಕಾಲುವೆ ತೋಡಿ, 1923ರಲ್ಲಿ ನೀರನ್ನು ಅದರೊಳಗೆ ತಿರುಗಿಸಿದರು. ನದಿ ಜಾಗ ಬದಲಾಯಿಸಿತು, ಗಡಿ ಬದಲಾಯಿಸಲಿಲ್ಲ. ಹೀಗಾಗಿ ಡೀಪೋಲ್ಡ್ಸೌ ಹೊಸ ರೈನಿನ ಆಚೆ ದಡಕ್ಕೆ, ಆಸ್ಟ್ರಿಯಾದ ಮಗ್ಗುಲಿಗೆ ಬಿತ್ತು. ಊರಿಗೂ ಆಸ್ಟ್ರಿಯಾಕ್ಕೂ ನಡುವೆ ಉಳಿದದ್ದು ಹಳೆಯ ರೈನ್ ಮಾತ್ರ. ಹರಿವಿಲ್ಲದ, ಅಲ್ಲಲ್ಲಿ ಪ್ಯಾಂಟು ಮಡಚಿಕೊಂಡು ದಾಟಬಹುದಾದ ನೀರು. ಎದುರು ದಡದಲ್ಲಿ ಹೊಹೆನೆಮ್ಸ್ ಎಂಬ ಪುಟ್ಟ ಊರು.

ವಿಯೆನ್ನಾದಿಂದ ರೈಲಿನಲ್ಲಿ ಬಂದವರು ಇಲ್ಲೇ ದಾಟುತ್ತಿದ್ದರು. ರಾತ್ರಿ ಹೊತ್ತು, ಪೊದೆಗಳ ನಡುವೆ, ಜಾಗ ಗೊತ್ತಿದ್ದ ಯಾರಾದರೂ ಹಳ್ಳಿಯ ಹುಡುಗ ಮುಂದೆ. ಎರಡೂ ದಡದ ಜನಕ್ಕೆ ಈ ದಾರಿಗಳು ಹೊಸದೇನಲ್ಲ. ಡೀಪೋಲ್ಡ್ಸೌನಲ್ಲಿ ಮುಚ್ಚಿಹೋಗಿದ್ದ ಒಂದು ಕಸೂತಿ ಕಾರ್ಖಾನೆ ಇತ್ತು. ಸೇಂಟ್ ಗಾಲೆನ್ ಸೀಮೆ ಕಸೂತಿಗೆ ಹೆಸರುವಾಸಿ, ಆ ಉದ್ಯಮ ಆಗಲೇ ನೆಲಕಚ್ಚಿತ್ತು. ಆ ಖಾಲಿ ಕಟ್ಟಡವೇ ನಿರಾಶ್ರಿತರ ಶಿಬಿರವಾಯಿತು.

ಪಾಲ್ ಗ್ರೂನಿಂಗರ್ ಆ ಸೀಮೆಯ ಪೊಲೀಸ್ ಮುಖ್ಯಸ್ಥರು. ಹುಟ್ಟಿದ್ದು 1891ರಲ್ಲಿ, ಸೇಂಟ್ ಗಾಲೆನ್‌ನಲ್ಲೇ. ಮೊದಲು ಶಾಲಾ ಮೇಷ್ಟ್ರಾಗಿದ್ದರು. ಚೆನ್ನಾಗಿ ಫುಟ್‌ಬಾಲ್ ಆಡುತ್ತಿದ್ದರು, ಅವರಿದ್ದ ಬ್ರೂಲ್ ಕ್ಲಬ್ 1915ರಲ್ಲಿ ದೇಶಕ್ಕೇ ಚಾಂಪಿಯನ್ ಆಗಿತ್ತು. 1919ರಲ್ಲಿ ಪೊಲೀಸ್ ಸೇರಿದರು. ಕ್ರಾಂತಿಕಾರಿಯಲ್ಲ, ದೊಡ್ಡ ರಾಜಕೀಯದವರೂ ಅಲ್ಲ. ಸಂಬಳ, ಸಂಸಾರ, ಯೂನಿಫಾರ್ಮು ಅಂತ ಇದ್ದ ಮನುಷ್ಯ.

1938ರ ಆಗಸ್ಟ್ 17ರಂದು ಪೊಲೀಸ್ ಅಧಿಕಾರಿಗಳ ಸಭೆ ನಡೆಯಿತು. ಗಡಿ ಮುಚ್ಚುವ ಮಾತು ಬಂದಾಗ ಗ್ರೂನಿಂಗರ್ ಎದ್ದು, ಮನುಷ್ಯತ್ವದ ದೃಷ್ಟಿಯಿಂದಲೇ ಇವರನ್ನು ವಾಪಸ್ ಕಳಿಸಲು ಆಗುವುದಿಲ್ಲ, ಬಹಳ ಜನರನ್ನು ಒಳಗೆ ಬಿಡಲೇಬೇಕು ಅಂದರು. ಅವರ ಮಾತು ನಡೆಯಲಿಲ್ಲ. ಗಡಿ ಮುಚ್ಚಿತು. ಅವರು ಸೇಂಟ್ ಗಾಲೆನ್‌ಗೆ ಹೋಗಿ ತಮ್ಮ ಮೇಜಿನ ಮುಂದೆ ಕೂತರು.

ಆಮೇಲೆ ಮಾಡಿದ್ದು ಬರೀ ಕಾಗದದ ಕೆಲಸ. ಸೆಪ್ಟೆಂಬರ್‌ನಲ್ಲೋ ಅಕ್ಟೋಬರ್‌ನಲ್ಲೋ ಒದ್ದೆ ಬಟ್ಟೆಯಲ್ಲಿ ಬಂದು ನಿಂತವರ ಫಾರಂ ಮೇಲೆ ಜುಲೈ ತಾರೀಕೋ ಆಗಸ್ಟ್ ಮೊದಲ ವಾರದ ತಾರೀಕೋ ಬೀಳುತ್ತಿತ್ತು. ರಾಜಧಾನಿ ಬರ್ನ್‌ಗೆ ಹೋಗುವ ಲೆಕ್ಕದಲ್ಲಿ ಸಂಖ್ಯೆ ಕಡಿಮೆ ತೋರಿಸುತ್ತಿದ್ದರು. ಮೈಮೇಲಿನ ಬಟ್ಟೆ ಬಿಟ್ಟು ಬೇರೇನೂ ಇಲ್ಲದವರಿಗೆ ತಮ್ಮ ದುಡ್ಡಿನಲ್ಲಿ ಚಳಿಗಾಲದ ಬಟ್ಟೆ ಕೊಡಿಸಿದರು. ಹೀಗೆ ಎಷ್ಟು ಜನ ಉಳಿದರು ಅನ್ನುವುದರಲ್ಲಿ ಲೆಕ್ಕಗಳು ಹೊಂದುವುದಿಲ್ಲ. 3,600 ಅನ್ನುವ ಸಂಖ್ಯೆ ಜಾಸ್ತಿ ಚಾಲ್ತಿಯಲ್ಲಿದೆ. ಕಡಿಮೆ ಹೇಳುವವರೂ ನೂರಾರು ಜನ ಅನ್ನುವುದನ್ನು ಒಪ್ಪುತ್ತಾರೆ.

ಇದನ್ನು ಅವರು ಒಬ್ಬರೇ ಮಾಡಲಿಲ್ಲ. ಸೇಂಟ್ ಗಾಲೆನ್‌ನಲ್ಲಿದ್ದ ರೆಖಾ ಸ್ಟೆರ್ನ್‌ಬುಕ್ ಎಂಬ ಸಂಪ್ರದಾಯಸ್ಥ ಯಹೂದಿ ಗೃಹಿಣಿ ಜನರನ್ನು ದಾಟಿಸುವ ಏರ್ಪಾಟು ಮಾಡುತ್ತಿದ್ದರು. ಮುಂದೆ ಅವರನ್ನೂ ಬಂಧಿಸಿದರು. ಗಡಿಯಾಚೆಯ ಬ್ರೆಗೆಂಜ್‌ನ ಸ್ವಿಸ್ ಕಚೇರಿಯಲ್ಲಿದ್ದ ಅರ್ನೆಸ್ಟ್ ಪ್ರೊಡೋಲಿಯೆ, ಕೊಡಬಾರದವರಿಗೂ ವೀಸಾ ಕೊಟ್ಟು ಇಲಾಖಾ ವಿಚಾರಣೆ ಎದುರಿಸಿದರು.

1939ರ ಶುರುವಿನಲ್ಲಿ ಬರ್ನ್‌ಗೆ ಅನುಮಾನ ಬಂತು. ಮುಚ್ಚಿದ ಗಡಿಯಿಂದ ಇಷ್ಟೊಂದು ಜನ ಹೇಗೆ ಬರುತ್ತಾರೆ? ತನಿಖೆ ಶುರುವಾಯಿತು. ಏಪ್ರಿಲ್‌ನಲ್ಲಿ ಒಂದು ದಿನ ಗ್ರೂನಿಂಗರ್ ಎಂದಿನಂತೆ ಕೆಲಸಕ್ಕೆ ಹೋದಾಗ, ಕೈಕೆಳಗಿನ ಒಬ್ಬ ಕಿರಿಯ ಸಿಬ್ಬಂದಿ ಬಾಗಿಲಲ್ಲೇ ತಡೆದು, ಸರ್, ನಿಮಗೆ ಇನ್ನು ಒಳಗೆ ಬರುವ ಹಕ್ಕಿಲ್ಲ ಅಂದ. ಇಪ್ಪತ್ತು ವರ್ಷದ ನೌಕರಿ ಮುಗಿದದ್ದು ಹೀಗೆ. ಅಮಾನತಾಯಿತು, ಆಮೇಲೆ ವಜಾ, ಪಿಂಚಣಿಯೂ ಇಲ್ಲ. ಕರ್ತವ್ಯಲೋಪ ಮತ್ತು ದಾಖಲೆ ತಿದ್ದಿದ ಆರೋಪ ಸಾಬೀತಾಗಿ ಕೋರ್ಟು 300 ಫ್ರಾಂಕ್ ದಂಡ ಹಾಕಿತು. ದುಡ್ಡು ತಿಂದಿದ್ದಾರೆ, ಹೆಂಗಸರ ಸಹವಾಸ ಇತ್ತು ಅಂತ ಊರಲ್ಲಿ ಗುಲ್ಲೆಬ್ಬಿತು. ಯಾವುದಕ್ಕೂ ಸಾಕ್ಷಿ ಸಿಗಲಿಲ್ಲ, ಆದರೆ ಗುಲ್ಲು ಮಾತ್ರ ದಶಕಗಳ ಕಾಲ ಬದುಕಿತು. ರೇನ್‌ಕೋಟ್ ಮಾರಿದರು, ಡ್ರೈವಿಂಗ್ ಕಲಿಸಿದರು, ಯಾರಾದರೂ ರಜೆ ಹಾಕಿದಾಗ ಬದಲಿ ಮೇಷ್ಟ್ರಾಗಿ ಹೋದರು. ಮತ್ತೆ ಕಾಯಂ ನೌಕರಿ ಸಿಗಲೇ ಇಲ್ಲ. 1972ರಲ್ಲಿ ತೀರಿಕೊಂಡಾಗ ಕೈಯಲ್ಲಿ ಕಾಸಿರಲಿಲ್ಲ. ಜನರ ಪ್ರಾಣದ ಪ್ರಶ್ನೆ ಎದುರಿಗಿದ್ದಾಗ ಕಚೇರಿಯ ಲೆಕ್ಕಾಚಾರಗಳನ್ನು ನೋಡುತ್ತಾ ಕೂರಲು ಆಗುತ್ತಿತ್ತೇ ಅಂತ 1954ರಲ್ಲಿ ಅವರು ಕೇಳಿದ್ದರು. ಕೇಳಿಸಿಕೊಳ್ಳುವವರು ಆಗ ಯಾರೂ ಇರಲಿಲ್ಲ.

ದೋಣಿ ತುಂಬಿದೆ

ಯುದ್ಧ ಶುರುವಾದ ಮೇಲೆ ಪರಿಸ್ಥಿತಿ ಇನ್ನೂ ಬಿಗಡಾಯಿಸಿತು. 1942ರ ಬೇಸಿಗೆಯಲ್ಲಿ ಫ್ರಾನ್ಸಿನಿಂದ ಯಹೂದಿಗಳನ್ನು ಪೂರ್ವದ ಕೊಲೆಶಿಬಿರಗಳಿಗೆ ಸಾಗಿಸುವುದು ಜೋರಾಯಿತು. ಜನ ಸ್ವಿಟ್ಜರ್ಲೆಂಡಿನ ಪಶ್ಚಿಮ ಗಡಿಯ ಕಡೆ ಓಡಿಬಂದರು. ಆಗಸ್ಟ್ 13ರಂದು ಸ್ವಿಸ್ ಪೊಲೀಸ್ ಇಲಾಖೆ ಗಡಿಯನ್ನು ಪೂರ್ತಿ ಮುಚ್ಚುವ ಆದೇಶ ಹೊರಡಿಸಿತು. ಜನಾಂಗದ ಕಾರಣಕ್ಕೆ ಮಾತ್ರ ಓಡಿಬಂದವರು ‘ರಾಜಕೀಯ ನಿರಾಶ್ರಿತರು’ ಅಲ್ಲ, ಆದ್ದರಿಂದ ಅವರಿಗೆ ಆಶ್ರಯದ ಹಕ್ಕಿಲ್ಲ ಅನ್ನುವುದು ಅದರ ತಿರುಳು. ಆ ತಿಂಗಳ ಕೊನೆಯಲ್ಲಿ ಮಂತ್ರಿ ಎಡುವಾರ್ಡ್ ಫಾನ್ ಸ್ಟೈಗರ್ ಭಾಷಣವೊಂದರಲ್ಲಿ ತಮ್ಮ ದೇಶವನ್ನು ತುಂಬಿಹೋದ ಪುಟ್ಟ ಜೀವರಕ್ಷಕ ದೋಣಿಗೆ ಹೋಲಿಸಿದರು. ‘ದೋಣಿ ತುಂಬಿದೆ’ ಅನ್ನುವುದು ಅಂದಿನಿಂದ ಆ ದೇಶದಲ್ಲಿ ಒಂದು ನುಡಿಗಟ್ಟೇ ಆಗಿಹೋಯಿತು.

ರೋರ್ಶಾಕ್ ಎಂಬ ಊರಿನ ಶಾಲೆಯ 22 ಹುಡುಗಿಯರು ಸೆಪ್ಟೆಂಬರ್ 7ರಂದು ಸರ್ಕಾರಕ್ಕೆ ಒಂದು ಕಾಗದ ಬರೆದರು. ವಯಸ್ಸು ಹದಿನಾಲ್ಕೋ ಹದಿನೈದೋ. ಯಹೂದಿಗಳನ್ನು ಸೇರಿಸಿಕೊಳ್ಳಬೇಡಿ ಅಂತ ನಿಮಗೆ ಯಾರೋ ಅಪ್ಪಣೆ ಮಾಡಿರಬಹುದು, ಆದರೆ ಅದು ದೇವರ ಇಚ್ಛೆ ಅಲ್ಲ ಅಂತ ನೇರವಾಗಿಯೇ ಬರೆದಿದ್ದರು. ಸರ್ಕಾರ ಏನು ಮಾಡಿತು ಗೊತ್ತಾ? ಇವರಿಗೆ ಇದನ್ನೆಲ್ಲ ಹೇಳಿಕೊಟ್ಟವರು ಯಾರು ಅಂತ ವಿಚಾರಣೆಗೆ ಇಳಿಯಿತು. ಅಷ್ಟು ಚಿಕ್ಕ ಮಕ್ಕಳಿಗೆ ತಾವಾಗಿಯೇ ಹೀಗೆ ಅನಿಸಿರಬಹುದು ಅನ್ನುವುದು ಅವರಿಗೆ ಹೊಳೆಯಲೇ ಇಲ್ಲ.

ಜನರ ಪ್ರತಿಭಟನೆಯಿಂದ ನಿಯಮದಲ್ಲಿ ಒಂದಿಷ್ಟು ಸಂದು ಬಿಡಲೇಬೇಕಾಯಿತು. 16 ವರ್ಷಕ್ಕಿಂತ ಚಿಕ್ಕವರು ಒಂಟಿಯಾಗಿ ಬಂದರೆ ವಾಪಸ್ ಕಳಿಸುವಂತಿಲ್ಲ. ಗರ್ಭಿಣಿಯರು, ಕಾಯಿಲೆಯವರು, ಮುದುಕರು, ಪುಟ್ಟ ಮಕ್ಕಳ ತಂದೆತಾಯಿಗೂ ರಿಯಾಯಿತಿ. ಇನ್ನೊಂದು ಮುಖ್ಯ ವಿಷಯ: ಗಡಿಯಿಂದ ಹತ್ತು ಹನ್ನೆರಡು ಕಿಲೋಮೀಟರ್ ಒಳಗಿನ ಪಟ್ಟಿಯಲ್ಲಿ ಸಿಕ್ಕಿಬಿದ್ದರೆ ಹಿಂದಕ್ಕೆ ತಳ್ಳುತ್ತಿದ್ದರು, ಅದನ್ನು ದಾಟಿ ದೇಶದ ಒಳಭಾಗ ತಲುಪಿದವರನ್ನು ಸಾಮಾನ್ಯವಾಗಿ ಕಳಿಸುತ್ತಿರಲಿಲ್ಲ.

ನೆರವಿಗೆ ನಿಂತವರ ಕೆಲಸವೆಲ್ಲ ಈ ಸಂದುಗಳ ಸುತ್ತಲೇ. ಹದಿನೇಳರ ಹುಡುಗನ ಕಾಗದದಲ್ಲಿ ಹದಿನೈದು ಅಂತ ಬರೆಸುವುದು. ಸಂಬಂಧವೇ ಇಲ್ಲದ ಗಂಡು, ಹೆಣ್ಣು, ಮಗುವನ್ನು ಸೇರಿಸಿ ಒಂದು ಸಂಸಾರ ಮಾಡುವುದು. ಗಡಿ ದಾಟಿ ಬಂದವರನ್ನು ಒಂದು ರಾತ್ರಿ ಕೊಟ್ಟಿಗೆಯಲ್ಲಿ ಮಲಗಿಸಿ, ಬೆಳಗ್ಗೆ ತಮ್ಮ ಕಡೆಯವರು ಅನ್ನುವ ಹಾಗೆ ರೈಲು ಹತ್ತಿಸಿ ಒಳಗಿನ ಊರಿಗೆ ಕರೆದೊಯ್ಯುವುದು. ಕೇಳಲು ಏನೂ ಅಲ್ಲ ಅನಿಸುತ್ತದೆ, ಅಲ್ವಾ? ಆದರೆ ಆ ಹತ್ತು ಹನ್ನೆರಡು ಕಿಲೋಮೀಟರ್ ಜೊತೆಗೆ ಹೋಗುವುದೇ ಜೈಲಿಗೆ ಕಳಿಸಬಹುದಾದ ಅಪರಾಧವಾಗಿತ್ತು. ಯುದ್ಧಕಾಲವಾದ್ದರಿಂದ ಎಷ್ಟೋ ಕೇಸುಗಳು ಮಿಲಿಟರಿ ಕೋರ್ಟಿಗೆ ಹೋಗುತ್ತಿದ್ದವು.

ಗಡಿಯ ಆಚೆ, ಫ್ರಾನ್ಸಿನ ಕಡೆ ಅಪಾಯ ಇನ್ನೂ ಜಾಸ್ತಿ. ಜಿನೀವಾದ ಮಗ್ಗುಲಿಗೆ ವಿಲ್-ಲಾ-ಗ್ರಾಂಡ್ ಎಂಬಲ್ಲಿ ಪಾದ್ರಿಗಳು ನಡೆಸುತ್ತಿದ್ದ ಒಂದು ಶಾಲೆ ಇತ್ತು. ಅದರ ತೋಟದ ಗೋಡೆಯೇ ಗಡಿ. ಗೋಡೆಯಾಚೆ ಮುಳ್ಳುತಂತಿ, ಅದರಾಚೆ ಸ್ವಿಟ್ಜರ್ಲೆಂಡ್. ಗಸ್ತಿನವರು ಗೋಡೆಯ ಗುಂಟ ಓಡಾಡುತ್ತಿದ್ದರು. ಶಾಲೆಯ ಬ್ರದರ್ ರೇಮಂಡ್ ಬೊಕಾರ್ ಮೇಲಿನ ಕಿಟಕಿಯಲ್ಲಿ ನಿಂತು ಅವರು ಹೋಗಿ ಬರುವ ಹೊತ್ತನ್ನು ನೋಡಿಟ್ಟುಕೊಳ್ಳುತ್ತಿದ್ದರು. ಗಸ್ತು ಮೂಲೆ ತಿರುಗಿದ ತಕ್ಷಣ ಸನ್ನೆ ಮಾಡುತ್ತಿದ್ದರು. ಕೆಳಗೆ ಕಾದಿದ್ದವರು ಏಣಿ ಹಾಕಿ, ಗೋಡೆ ಹತ್ತಿ, ಆಚೆ ಹಾರಬೇಕು. ಗಸ್ತಿನವರು ವಾಪಸ್ ಬರುವಷ್ಟರಲ್ಲಿ ಎಲ್ಲ ಮುಗಿದಿರಬೇಕು. ಹೀಗೆ ನೂರಾರು ಜನ ದಾಟಿದರು. ಇದರ ಮುಂದಾಳುಗಳಲ್ಲಿ ಒಬ್ಬರಾಗಿದ್ದ ಫಾದರ್ ಲೂಯಿ ಫಾವ್ರ್ ಸಿಕ್ಕಿಬಿದ್ದರು. 1944ರ ಜುಲೈನಲ್ಲಿ ಜರ್ಮನ್ನರು ಅವರನ್ನು ಗುಂಡಿಟ್ಟು ಕೊಂದರು.

ಅಲ್ಲೇ ಹತ್ತಿರದ ಅನೆಮಾಸ್ ಎಂಬ ಊರಿನಲ್ಲಿ ಜಾರ್ಜ್ ಲೊವಾಂಜೆ ಎಂಬ ವ್ಯಾಯಾಮದ ಮೇಷ್ಟ್ರು ಮಕ್ಕಳಿಗೆ ಚೆಂಡಾಟ ಆಡಿಸುತ್ತಿದ್ದರು. ಆಟದ ಮಧ್ಯೆ ಚೆಂಡನ್ನು ಬೇಕಂತಲೇ ಗಡಿಯ ಕಡೆ ಎಸೆಯುವುದು, ಮಕ್ಕಳು ಚೆಂಡಿನ ಹಿಂದೆ ಓಡುವುದು, ಓಡಿದವರು ಹಿಂದಿರುಗದೆ ಆಚೆಗೇ ಹೋಗಿಬಿಡುವುದು. ಮುನ್ನೂರಕ್ಕೂ ಹೆಚ್ಚು ಮಕ್ಕಳನ್ನು ಅವರು ಬೇರೆ ಬೇರೆ ರೀತಿಯಲ್ಲಿ ದಾಟಿಸಿದರು. 108 ವರ್ಷ ಬದುಕಿ 2018ರಲ್ಲಿ ತೀರಿಕೊಂಡರು.

ಇದೇ ರೀತಿ ಮಕ್ಕಳನ್ನು ದಾಟಿಸುತ್ತಿದ್ದ ಮಾರಿಯಾನ್ ಕೋನ್ ಎಂಬ ಯುವತಿಗೆ ಅಷ್ಟು ಆಯಸ್ಸು ಇರಲಿಲ್ಲ. 1944ರ ಮೇ ಕೊನೆಯಲ್ಲಿ 28 ಮಕ್ಕಳನ್ನು ಲಾರಿಯಲ್ಲಿ ಗಡಿಗೆ ಕರೆದೊಯ್ಯುತ್ತಿದ್ದಾಗ ಜರ್ಮನ್ ಗಸ್ತು ತಡೆಯಿತು. ಅನೆಮಾಸ್‌ನ ಮೇಯರ್ ಜಾನ್ ದೆಫೋ ಜೈಲಿಗೆ ಊಟ ತಂದುಕೊಡುತ್ತಾ ಮಕ್ಕಳ ಜೀವಕ್ಕಾಗಿ ನಾಜಿಗಳ ಗುಪ್ತ ಪೊಲೀಸ್ ಪಡೆಯಾದ ಗೆಸ್ಟಾಪೊ ಜೊತೆ ಜಗ್ಗಾಡಿದರು. ಮಾರಿಯಾನ್‌ರನ್ನು ಜೈಲಿನಿಂದ ತಪ್ಪಿಸುವ ಏರ್ಪಾಟೂ ಆಗಿತ್ತು. ನಾನು ತಪ್ಪಿಸಿಕೊಂಡರೆ ಮಕ್ಕಳ ಮೇಲೆ ಸೇಡು ತೀರಿಸಿಕೊಳ್ಳುತ್ತಾರೆ ಅಂತ ಅವರು ಒಪ್ಪಲಿಲ್ಲ. ಜುಲೈನಲ್ಲಿ ಅವರನ್ನು ಕೊಂದರು, ವಯಸ್ಸು 21. ಆ ಮಕ್ಕಳೆಲ್ಲ ಉಳಿದರು.

ದುಡ್ಡು ತೆಗೆದುಕೊಂಡು ದಾಟಿಸಿದವರೂ ಇದ್ದರು, ಅದನ್ನೂ ಹೇಳಬೇಕು. ಹಳ್ಳಿಯ ಬಡ ಹುಡುಗರು, ಟ್ಯಾಕ್ಸಿಯವರು, ಕಳ್ಳಸಾಗಣೆಯವರು. ಕೆಲವರು ಬಾಯಿಗೆ ಬಂದಷ್ಟು ಕೇಳಿದರು, ಕೆಲವರು ಅರ್ಧ ದಾರಿಯಲ್ಲಿ ಕೈಬಿಟ್ಟರು. ಇಂಥವರನ್ನು ಸೇರಿಸಿಕೊಂಡರೆ ಕತೆಯ ಚಂದ ಕೆಡುತ್ತದೆ ಅಂತ ಬಿಟ್ಟುಬಿಡುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಪೆಟ್ರೋಲಿಗೆ, ದೋಣಿಗೆ, ಊಟಕ್ಕೆ ದುಡ್ಡು ಬೇಕೇ ಬೇಕಿತ್ತು. ಹಣ ಪಡೆದೂ ಮಾತು ಉಳಿಸಿಕೊಂಡವನು ಒಂದು ಜೀವ ಉಳಿಸಿದ್ದು ಸುಳ್ಳಾಗುವುದಿಲ್ಲ.

ತೀರ್ಪನ್ನು ತೊಳೆಯುವುದು ಹೇಗೆ

ಯುದ್ಧ ಮುಗಿಯಿತು. ಎಲ್ಲರಿಗೂ ಸತ್ಯ ಗೊತ್ತಾಯಿತು. ಹಾಗಾದರೆ ಇವರ ಮೇಲಿನ ಶಿಕ್ಷೆಗಳು ತಾವಾಗಿಯೇ ಬಿದ್ದುಹೋಗಬೇಕಿತ್ತಲ್ಲ? ಹಾಗಾಗಲಿಲ್ಲ. ಕೋರ್ಟಿನ ತೀರ್ಪು ಒಮ್ಮೆ ಅಂತಿಮವಾದರೆ ಅದು ದಾಖಲೆಯಲ್ಲಿ ಕೂತೇ ಇರುತ್ತದೆ. ಸರ್ಕಾರ ಬಂದು ಅವರು ಒಳ್ಳೆಯವರು ಅಂದರೂ ಅಪರಾಧಿ ಅನ್ನುವ ಪದ ಅಳಿಸುವುದಿಲ್ಲ.

ಕ್ಷಮಾದಾನ ಕೊಡಬಹುದಿತ್ತು. ಆದರೆ ಕ್ಷಮಿಸುವುದು ಅಂದರೆ ನೀನು ತಪ್ಪು ಮಾಡಿದ್ದೀಯ, ಹೋಗಲಿ ಬಿಡು ಅಂದ ಹಾಗೆ. ಗ್ರೂನಿಂಗರ್ ಮನೆಯವರಿಗೆ ಬೇಕಿದ್ದದ್ದು ಅದಲ್ಲ. ಅವರ ಅರ್ಜಿಗಳನ್ನು ಸ್ಥಳೀಯ ಸರ್ಕಾರ ಮತ್ತೆ ಮತ್ತೆ ತಳ್ಳಿಹಾಕಿತು. 1971ರಲ್ಲಿ ಯಾದ್ ವಾಶೆಮ್ ಎಂಬ ಇಸ್ರೇಲಿನ ಯಹೂದಿ ಹತ್ಯಾಕಾಂಡದ ಸ್ಮಾರಕ ಸಂಸ್ಥೆ ಗ್ರೂನಿಂಗರ್ ಅವರನ್ನು ಗೌರವಿಸಿದ ಮೇಲೂ ಸೇಂಟ್ ಗಾಲೆನ್ ಅಲುಗಾಡಲಿಲ್ಲ. ಕೊನೆಗೆ 1993ರಲ್ಲಿ ಸರ್ಕಾರ ಅವರ ಮೇಲಿನ ಕಳಂಕವನ್ನು ತೆಗೆಯಿತು. 1995ರ ನವೆಂಬರ್ 30ರಂದು, ಶಿಕ್ಷೆ ಕೊಟ್ಟಿದ್ದ ಅದೇ ಜಿಲ್ಲಾ ನ್ಯಾಯಾಲಯ ಕೇಸನ್ನು ಮತ್ತೆ ತೆರೆದು ಅವರನ್ನು ನಿರ್ದೋಷಿ ಅಂದಿತು.

ಆ ನ್ಯಾಯಾಲಯ ಹಿಡಿದ ದಾರಿ ನೋಡಿ. ಪಕ್ಕದ ಮನೆಗೆ ಬೆಂಕಿ ಬಿದ್ದು ಒಳಗೆ ಮಗು ಇದ್ದರೆ ನೀವು ಬಾಗಿಲು ಒಡೆಯುತ್ತೀರಿ. ಬೇರೆಯವರ ಬಾಗಿಲು ಒಡೆಯುವುದು ಅಪರಾಧವೇ, ಆದರೆ ಆ ಹೊತ್ತಿನಲ್ಲಿ ಅಲ್ಲ. ಇನ್ನೊಬ್ಬರ ಪ್ರಾಣಾಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾಡಿದ ಕೆಲಸವನ್ನು ಕಾನೂನೇ ಸಮರ್ಥಿಸುತ್ತದೆ. ತಾರೀಕು ತಿದ್ದಿದ್ದು ಹೌದು, ಆದರೆ ಆ ತಿದ್ದುವಿಕೆ ಒಡೆದ ಬಾಗಿಲಿನ ಹಾಗೆ ಅನ್ನುವುದು ನ್ಯಾಯಾಲಯದ ವಾದದ ಸಾರ. ಅದೇ ವರ್ಷ ಮೇ ತಿಂಗಳಲ್ಲಿ ಸ್ವಿಸ್ ಅಧ್ಯಕ್ಷ ಕಾಸ್ಪರ್ ವಿಲಿಗರ್ ‘ಜೆ’ ಮೊಹರಿನ ಬಗ್ಗೆ ಕ್ಷಮೆ ಕೇಳಿದ್ದರು. ಆಮೇಲೆ ದೇಶ ತನ್ನ ಯುದ್ಧಕಾಲದ ನಡವಳಿಕೆಯ ತನಿಖೆಗೆ ಇತಿಹಾಸಕಾರರ ಆಯೋಗ ನೇಮಿಸಿತು. ಸುಮಾರು 51,000 ನಾಗರಿಕ ನಿರಾಶ್ರಿತರನ್ನು ಸೇರಿಸಿಕೊಂಡಿದ್ದೂ, 20,000ಕ್ಕೂ ಹೆಚ್ಚು ಜನರನ್ನು ಗಡಿಯಿಂದ ಹಿಂದಕ್ಕೆ ಕಳಿಸಿದ್ದೂ ಅದರ ವರದಿಯಲ್ಲಿವೆ.

ಗ್ರೂನಿಂಗರ್ ಹೆಸರು ಗೊತ್ತಿತ್ತು, ಸರಿ. ಹೆಸರೇ ಗೊತ್ತಿಲ್ಲದ ರೈತರು, ಮೇಷ್ಟ್ರುಗಳು, ಹಳ್ಳಿ ಹುಡುಗರ ಗತಿ? ಒಬ್ಬೊಬ್ಬರ ಕೇಸನ್ನೂ ಮತ್ತೆ ತೆರೆದು ನಡೆಸುವುದು ಆಗದ ಮಾತು. ಅದಕ್ಕೇ 2003ರಲ್ಲಿ ಸಂಸತ್ತು ಒಂದು ಕಾನೂನು ಮಾಡಿತು, 2004ರ ಜನವರಿ 1ರಿಂದ ಅದು ಜಾರಿಗೆ ಬಂತು. ನಾಜಿ ಕಾಲದಲ್ಲಿ ನಿರಾಶ್ರಿತರಿಗೆ ನೆರವಾಗಿದ್ದಕ್ಕೆ ಕೊಟ್ಟ ಶಿಕ್ಷೆಗಳೆಲ್ಲ ರದ್ದು. ಶಿಕ್ಷೆಗೆ ಒಳಗಾದವರೋ ಅವರ ಮನೆಯವರೋ ಅರ್ಜಿ ಹಾಕಿದರೆ ಸಮಿತಿಯೊಂದು ಪರಿಶೀಲಿಸಿ ಇವರ ಶಿಕ್ಷೆ ರದ್ದಾಗಿದೆ ಅಂತ ಹೆಸರು ಹಿಡಿದು ಹೇಳುತ್ತಿತ್ತು. ಪರಿಹಾರದ ದುಡ್ಡು ಇರಲಿಲ್ಲ. ಹೆಸರು ಶುದ್ಧವಾಗುತ್ತಿತ್ತು, ಅಷ್ಟೇ.

ಹಾಗೆ ಮೊದಲು ಹೆಸರು ಶುದ್ಧವಾದವರು ಜಿನೀವಾದ ಎಮೆ ಸ್ಟಿಟೆಲ್ಮಾನ್. ಹದಿಹರೆಯದಲ್ಲೇ ಈ ಕೆಲಸಕ್ಕೆ ಇಳಿದು, ಫ್ರಾನ್ಸಿನ ಕಡೆಯಿಂದ ಅನಾಥ ಮಕ್ಕಳನ್ನು ಕರೆತಂದು ಜೈಲು ಕಂಡಿದ್ದವರು. 2004ರಲ್ಲಿ ಅವರಿಗೆ 79 ವರ್ಷ. ಆ ವರ್ಷವೇ ತೀರಿಕೊಂಡರು. ಮುಂದಿನ ವರ್ಷಗಳಲ್ಲಿ 130ಕ್ಕೂ ಹೆಚ್ಚು ಜನರ ಹೆಸರು ಹೀಗೆ ಶುದ್ಧವಾಯಿತು. ಬಹಳಷ್ಟು ಜನ ಅದನ್ನು ಕೇಳಲು ಬದುಕಿರಲಿಲ್ಲ.

ಗ್ರೂನಿಂಗರ್ ಒಂದು ಕಾಲದಲ್ಲಿ ಆಡಿದ ಬ್ರೂಲ್ ಕ್ಲಬ್ಬಿನ ಮೈದಾನಕ್ಕೆ ಈಗ ಅವರದೇ ಹೆಸರು. 2012ರಲ್ಲಿ ಡೀಪೋಲ್ಡ್ಸೌ ಮತ್ತು ಹೊಹೆನೆಮ್ಸ್ ನಡುವಿನ ಸೇತುವೆಗೂ ಅದೇ ಹೆಸರಿಟ್ಟರು. ಅದು ಹಳೆಯ ರೈನಿನ ಮೇಲಿರುವ ಚಿಕ್ಕ ಸೇತುವೆ. ಕೆಳಗೆ ಅದೇ ನಿಂತ ನೀರು. ಡೀಪೋಲ್ಡ್ಸೌ ಕಡೆಯ ದಡದಲ್ಲಿ ಈಜುವ ಜಾಗ ಇದೆ, ಬೇಸಿಗೆ ಬಂತೆಂದರೆ ಮಕ್ಕಳು ಅಲ್ಲಿ ನೀರಿಗಿಳಿಯುತ್ತಾರೆ.